ಬಿಡಿಸದೆ ಉಳಿದ ಪಥ್ಯ

ಆ ಕಾಲಿನ ಬ್ಯಾಂಡೇಜನ್ನು ನಾನು ನೂರು ಸಲವಾದರೂ ಬಿಚ್ಚಿ ಕಟ್ಟಿದ್ದೇನೆ. ಬಲಗಾಲು, ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಮುಂಭಾಗದಲ್ಲಿ ಗಾಯ. ಕಣ್ಣು ಮುಚ್ಚಿಕೊಂಡು ಅದರ ಅಂಚನ್ನು ಬರೆದು ತೋರಿಸುವಷ್ಟು ಪರಿಚಯವಾಗಿತ್ತು. ಅಷ್ಟು ನೋಡಿಯೂ ಅದು ಏಕೆ ಮಾಯುತ್ತಿಲ್ಲ ಎಂಬುದು ನನಗೆ ಬಹಳ ದಿನ ಹೊಳೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳಿದರೆ ಜಂಬ ಕೊಚ್ಚಿಕೊಂಡ ಮೇಲೆ ವಿನಯ ತೋರಿಸಿದಂತಾಗುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರಿಗೂ ತುರುವೇಕೆರೆಗೂ ನಡುವೆ, ತೋಟಗಳ ಮಧ್ಯೆ ಇದ್ದ ಇಪ್ಪತ್ತು ಮಂಚಗಳ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ಗಂಡಸರ ವಾರ್ಡಿನ ನರ್ಸು. ಡಾಕ್ಟರು ಒಬ್ಬರೇ, ವಯಸ್ಸು ಮೂವತ್ತು ದಾಟಿರಲಿಲ್ಲ. ದೊಡ್ಡ ಆಪರೇಷನ್ ಏನಿದ್ದರೂ ತುಮಕೂರಿನಿಂದ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಬರುತ್ತಿದ್ದ ಸರ್ಜನ್ನರು ಮಾಡಬೇಕು.

ಕಾಲಿನ ಒಡೆಯ ಹೊನ್ನವಳ್ಳಿ ಕಡೆಯವನು. ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಕೀಳುವುದು ಅವನ ಕಸುಬು. ಆಷಾಢದ ಗಾಳಿಯಲ್ಲಿ ಮರದಿಂದ ಜಾರಿ ಬಿದ್ದು ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದುಕೊಂಡಿದ್ದ. ಮನೆಯವರು ಮೊದಲು ಹಂದನಕೆರೆ ಹತ್ತಿರದ, ಮೂಳೆ ಕಟ್ಟುವ ಹಿರಿಯರೊಬ್ಬರಲ್ಲಿಗೆ ಒಯ್ದು ಬಿದಿರು ದಬ್ಬೆ ಕಟ್ಟಿಸಿದ್ದರು. ದಬ್ಬೆಯೊಳಗೆ ಚರ್ಮ ಸೀಳಿದ್ದು ಗೊತ್ತಾಗಿರಲಿಲ್ಲ. ಹತ್ತನೇ ದಿನಕ್ಕೆ ಜ್ವರ, ವಾಸನೆ. ಆಗ ಗಾಡಿಯಲ್ಲಿ ಮಲಗಿಸಿಕೊಂಡು ನಮ್ಮಲ್ಲಿಗೆ ಬಂದರು. ಡಾಕ್ಟರು ದಬ್ಬೆ ಬಿಚ್ಚಿ, ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಮೂಳೆ ಕಟ್ಟುವವರ ಬಗ್ಗೆ ತಮಗಿದ್ದ ಅಭಿಪ್ರಾಯವನ್ನೆಲ್ಲ ಅವನ ತಾಯಿಯ ಮುಂದೆ ಹೇಳಿದರು. ನಾನೂ ಎರಡು ಮಾತು ಸೇರಿಸಿದೆ. ಆಕೆ ತಲೆ ತಗ್ಗಿಸಿ ನಿಂತಿದ್ದರು.

ಮೊದಲ ಒಂದೂವರೆ ತಿಂಗಳು ನಾವು ಗೆದ್ದೆವು ಎಂದೇ ಅಂದುಕೊಂಡಿದ್ದೆ. ಕೀವು ತೊಳೆದು, ಪ್ಲಾಸ್ಟರ್ ಹಾಕಿ, ಗಾಯದ ಜಾಗದಲ್ಲಿ ಕಿಟಕಿಯಂತೆ ಕತ್ತರಿಸಿ ದಿನವೂ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಗೌರಿ ಹಬ್ಬದ ಹೊತ್ತಿಗೆ ಗಾಯ ಎಂಟಾಣೆ ಅಗಲಕ್ಕೆ ಇಳಿದಿತ್ತು. ಆಮೇಲೆ ಅಲ್ಲಿಗೇ ನಿಂತಿತು. ದಸರಾ ಕಳೆದ ಮೇಲೆ ಹಿಂದಕ್ಕೆ ಹೊರಟಿತು. ಮಾಯ್ದಿದ್ದ ಅಂಚು ತಾನಾಗಿ ಬಿರಿಯತೊಡಗಿತು. ಕೀವಿಲ್ಲ, ವಾಸನೆಯಿಲ್ಲ, ಮುಟ್ಟಿದರೆ ರಕ್ತ. ಮೂಳೆಯೂ ಕೂಡಿಕೊಂಡಿರಲಿಲ್ಲ. ನಾನು ಹತ್ತಿ ಹೆಚ್ಚು ಒತ್ತಿದೆನೇನೋ ಎಂದು ಕೈ ಹಗುರ ಮಾಡಿದೆ, ಔಷಧದ ನೀರು ಬದಲಾಯಿಸಿದೆ. ಡಾಕ್ಟರು ಪೆನಿಸಿಲಿನ್ ಮತ್ತೆ ಶುರು ಮಾಡಿದರು. ಯಾವುದೂ ನಾಟಲಿಲ್ಲ.

ಹುಡುಗಾಟದ ಮನುಷ್ಯ ಅವನು, ವಾರ್ಡನ್ನೆಲ್ಲ ನಗಿಸುತ್ತಿದ್ದವನು. ಈಗ ಗೋಡೆ ಕಡೆ ಮುಖ ಮಾಡಿ ಮಲಗತೊಡಗಿದ. ಬೆಳಗ್ಗೆ ಬಾಯಿ ಮುಕ್ಕಳಿಸಿದರೆ ಬೇಸಿನ್ನಿನಲ್ಲಿ ರಕ್ತ. ಒಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ತೊಡೆಯ ಮೇಲೆ, ಯಾರೂ ಹೊಡೆಯದೆ, ದೊಡ್ಡ ದೊಡ್ಡ ಕಪ್ಪು ಕಲೆ. ಡಾಕ್ಟರು ರಕ್ತದ ಕಾಯಿಲೆ ಎಂದು ಹೆದರಿ, ತಾವೇ ಸೂಕ್ಷ್ಮದರ್ಶಕದ ಮುಂದೆ ಕೂತು ರಕ್ತ ನೋಡಿದರು. ರಕ್ತ ತೆಳ್ಳಗಾಗಿತ್ತು, ಬೇರೆ ಕೆಟ್ಟದ್ದೇನೂ ಕಾಣಲಿಲ್ಲ.

ಒಂದು ಬೆಳಗ್ಗೆ ಪ್ಲಾಸ್ಟರ್ ಬದಲಾಯಿಸುವುದಿತ್ತು. ಹಳೆಯದನ್ನು ಬಿಚ್ಚಿ, ಕಾಲಿನ ಕೂದಲು ತೆಗೆಯಲು ಸೋಪಿನ ನೀರು ಹಚ್ಚಿದೆ. ರೇಜರ್ ಎತ್ತಿದವಳು ಹಾಗೇ ನಿಂತೆ. ಕೂದಲು ನೆಟ್ಟಗಿರಲಿಲ್ಲ. ಒಂದೊಂದೂ ಪೆನ್ನಿನೊಳಗಿನ ಸ್ಪ್ರಿಂಗಿನಂತೆ ಸುರುಳಿ ಸುತ್ತಿ, ಬುಡದಲ್ಲಿ ಒಂದೊಂದು ಕೆಂಪು ಚುಕ್ಕೆ ಇಟ್ಟುಕೊಂಡು ಕೂತಿತ್ತು. ಟ್ರೇನಿಂಗಿನಲ್ಲಿ ಓದಿದ್ದ ಪುಸ್ತಕದ ಒಂದು ಚಿತ್ರ ನೆನಪಾಯಿತು. ಸಮುದ್ರದ ಮೇಲೆ ತಿಂಗಳುಗಟ್ಟಲೆ ಹೋದ ಹಡಗಿನವರಿಗೆ ಬರುತ್ತಿದ್ದ ಕಾಯಿಲೆ ಅದು. ಸಮುದ್ರವೆಲ್ಲಿ, ಹೊನ್ನವಳ್ಳಿಯೆಲ್ಲಿ ಎಂದು ನನಗೇ ನಗು ಬಂತು. ಆದರೂ ರೇಜರ್ ಕೆಳಗಿಟ್ಟು ಡಾಕ್ಟರನ್ನು ಕರೆದೆ.

ಡಾಕ್ಟರು ನಗಲಿಲ್ಲ. ಬಿಪಿ ನೋಡುವ ಪಟ್ಟಿಯನ್ನು ಅವನ ತೋಳಿಗೆ ಸುತ್ತಿ, ಗಾಳಿ ತುಂಬಿ, ಗಡಿಯಾರ ನೋಡುತ್ತ ಐದು ನಿಮಿಷ ಹಾಗೇ ಹಿಡಿದರು. ಬಿಟ್ಟ ಮೇಲೆ ಮೊಣಕೈ ಕೆಳಗೆಲ್ಲ ಕೆಂಪು ಚುಕ್ಕೆ ಎದ್ದವು.

"ರಕ್ತದ ತಪ್ಪಲ್ಲ ಸಿಸ್ಟರ್," ಎಂದರು. "ರಕ್ತ ಹರಿಯೋ ನಾಳಗಳೇ ಸೋರ್ತಿವೆ. ಇದು ಸ್ಕರ್ವಿ. ಸಿ ವಿಟಮಿನ್ ಒಂದು ಚೂರೂ ಮೈಯಲ್ಲಿಲ್ಲ. ಅದಿಲ್ಲದೆ ಗಾಯ ಕೂಡಲ್ಲ, ಮೂಳೆಯೂ ಕೂಡಲ್ಲ."

ನನಗಾದ ಸಂತೋಷ ಹೇಳತೀರದು. ಅಷ್ಟು ಸಣ್ಣ ರೋಗ, ಅಷ್ಟು ಸಣ್ಣ ಮದ್ದು. ಅಗಿದು ತಿನ್ನುವ ಮಾತ್ರೆಗಳು ನಮ್ಮ ಬೀರುವಿನಲ್ಲೇ ಇದ್ದವು. ಬೆಳಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆ ಎರಡು. ನಾಲ್ಕೈದು ದಿನದಲ್ಲಿ ಒಸಡಿನ ರಕ್ತ ನಿಲ್ಲುತ್ತದೆ ಎಂದರು ಡಾಕ್ಟರು. ಒಸಡು ನೋಯುತ್ತದೆ, ಅಗಿಯಲಾರೆ ಎಂದು ಅವನು ಗೊಣಗಿದಾಗ, ಪುಡಿ ಮಾಡಿ ಕುಡಿಸಿ ಎಂದು ಮಾತ್ರೆಗಳನ್ನು ತಾಯಿಯ ಕೈಗೆ ಕೊಟ್ಟೆ. ಮಾತ್ರೆಯನ್ನು ನುಂಗಿದ್ದು ಕಣ್ಣಾರೆ ನೋಡಿಯೇ ಮುಂದಿನ ಮಂಚಕ್ಕೆ ಹೋಗಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅದನ್ನು ಇತರರಿಗೆ ಕಲಿಸುತ್ತಿದ್ದವಳೂ ನಾನೇ.

ಹತ್ತು ದಿನವಾಯಿತು. ಒಸಡು ಹಾಗೇ. ಗಾಯ ಇನ್ನಷ್ಟು ಅಗಲ. ಮೇಲಿನ ಎರಡು ಹಲ್ಲು ಅಲ್ಲಾಡತೊಡಗಿದವು. ಆ ಶುಕ್ರವಾರ ಸರ್ಜನ್ನರು ಬಂದು ನೋಡಿದರು. ಡಾಕ್ಟರು ಸ್ಕರ್ವಿಯ ವಿಷಯ ಹೇಳಿದಾಗ, "ಹತ್ತು ದಿನ ಮಾತ್ರೆ ಕೊಟ್ಟಿದ್ದೀರಿ, ಏನೂ ಆಗಿಲ್ಲ. ಅಂದಮೇಲೆ ಅದಲ್ಲ," ಎಂದರು. ತಪ್ಪು ಹುಡುಕಲು ಆಗದ ಮಾತು. "ಮೂಳೆ ಕೂಡಿಲ್ಲ, ಆಳು ದಿನದಿಂದ ದಿನಕ್ಕೆ ಇಳೀತಿದ್ದಾನೆ. ಮುಂದಿನ ಸಲ ಬಂದಾಗ ಮೊಣಕಾಲ ಕೆಳಗೆ ತೆಗೆದುಬಿಡೋಣ. ಮನೆಯವರ ಒಪ್ಪಿಗೆ ತಗೊಂಡಿಡಿ."

ಕಾಯಿ ಕೀಳುವವನಿಗೆ ಕಾಲು ತೆಗೆಯುವುದೆಂದರೆ ಏನೆಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹದಿನಾಲ್ಕು ದಿನ ಇತ್ತು.

ಮಾರನೆಯ ದಿನ ಶನಿವಾರ. ಒಪ್ಪಿಗೆಯ ಕಾಗದ ಹಿಡಿದು ತಾಯಿಯ ಹತ್ತಿರ ಹೋದೆ. ಆಕೆ ಆಸ್ಪತ್ರೆಯ ಹಿಂದಿನ ಚಪ್ಪರದಲ್ಲಿ ಮೂರು ಕಲ್ಲು ಹೂಡಿ ಮಗನಿಗೆ ಅನ್ನ ಮಾಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಸೆರಗಿನ ಮರೆಯಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಕೈಗಿಟ್ಟರು.

"ಇವು ನಿಮ್ಮವು ಕಣವ್ವ. ಒಂದೂ ಕಳ್ದಿಲ್ಲ. ಧರ್ಮದ ಪದಾರ್ಥ, ಎಸೀಬಾರ್ದು ಅಂತ ಮಡಗಿದ್ದೆ. ಇನ್ಯಾರ್ಗಾದ್ರೂ ಆಯ್ತವೆ."

ಬಿಚ್ಚಿ ನೋಡಿದೆ. ಹತ್ತು ದಿನದ ಮಾತ್ರೆಗಳು, ಅಷ್ಟೂ.

"ಕೊಡ್ಲೇ ಇಲ್ವಾ?" ಎಂದೆ.

"ನಾಲ್ಗೆಗೆ ಮುಟ್ಟಿಸಿ ನೋಡ್ದೆ. ಹುಳಿ ಅಂದ್ರೆ ಹುಳಿ. ಗಾಯದ ಮೈಗೆ ಹುಳಿ ಕೊಟ್ರೆ ಕೀವು ತುಂಬ್ಕಳಲ್ವಾ? ಹೆತ್ತೋಳು ಹೆಂಗವ್ವ ಕೊಡ್ಲಿ?"

ನನ್ನ ಬಾಯಿ ಮೊದಲೇ ಜೋರು. ಅವತ್ತು ಅದಕ್ಕೆ ಕಡಿವಾಣವೇ ಇರಲಿಲ್ಲ. ನಿಮ್ಮ ಮಗನ ಕಾಲನ್ನು ನೀವೇ ಕಡಿಯುತ್ತಿದ್ದೀರಿ ಎಂದು, ಚಪ್ಪರದಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ಆಕೆ ಉಕ್ಕುತ್ತಿದ್ದ ಗಡಿಗೆಯ ಕೆಳಗಿನಿಂದ ಒಂದು ಸೌದೆ ಹಿಂದಕ್ಕೆ ಎಳೆದರು, ಅಷ್ಟೇ. ಆ ಮಾತಿಗಾಗಿ ಇವತ್ತಿಗೂ ನಾಚಿಕೆಪಡುತ್ತೇನೆ.

ಆಮೇಲೆ ಕೇಳಿದೆ, ಏನು ಊಟ ಕೊಡುತ್ತಿದ್ದೀರಿ ಎಂದು. ಮೂರು ತಿಂಗಳಲ್ಲಿ ಮೊದಲ ಸಲ ಕೇಳಿದ್ದು. ಅನ್ನ, ತುಪ್ಪ, ಕಾಯಿಸಿದ ಹಾಲು, ಬೆಲ್ಲ. ರಾಗಿ ಮುದ್ದೆ, ಹುಣಸೆಹಣ್ಣಿಲ್ಲದ ಬೇಳೆಕಟ್ಟು. ಸೊಪ್ಪು ಇಲ್ಲ, ನಂಜು. ಬದನೆ ಇಲ್ಲ, ನಂಜು. ಹಣ್ಣು ಶೀತ, ಮಜ್ಜಿಗೆ ಹುಳಿ. ನೋಡಲು ಬಂದವರೆಲ್ಲ ತರುತ್ತಿದ್ದುದು ಕೊಬ್ಬರಿ, ಬೆಲ್ಲ. ಕೇಸ್ ಶೀಟಿನಲ್ಲಿ ನಾನು ದಿನವೂ 'ಊಟ ಸರಿಯಾಗಿ ಮಾಡುತ್ತಿದ್ದಾನೆ' ಎಂದು ಬರೆಯುತ್ತಿದ್ದೆ. ನಿಜ, ತಟ್ಟೆಯಲ್ಲಿ ಒಂದು ಅಗುಳೂ ಬಿಡುತ್ತಿರಲಿಲ್ಲ. ಬೇಲಿಯ ಆಚೆ ನಿಂಬೆ, ಸೀಬೆ, ನೆಲ್ಲಿ ತುಂಬಿ ನಿಂತಿದ್ದ ಸೀಮೆಯಲ್ಲಿ ಆ ಮನುಷ್ಯ ನಡುಸಮುದ್ರದ ಹಡಗಿನಲ್ಲಿ ಮಲಗಿದ್ದ.

ಡಾಕ್ಟರು ಗಂಟನ್ನು ನೋಡಿ ಮೊದಲು ಕುರ್ಚಿಯಲ್ಲಿ ಕುಸಿದರು, ಆಮೇಲೆ ನಕ್ಕರು. ರೋಗ ಗುರುತಿಸಿದ್ದು ತಪ್ಪಿರಲಿಲ್ಲವಲ್ಲ. ಇಂಜೆಕ್ಷನ್ ಕೊಟ್ಟುಬಿಡೋಣ ಎಂದು ತಿಪಟೂರಿನ ಅಂಗಡಿಗಳಿಗೆಲ್ಲ ಹೇಳಿ ಕಳಿಸಿದರು. ಎಲ್ಲೂ ಇರಲಿಲ್ಲ. ಬೆಂಗಳೂರಿನಿಂದ ಬರಬೇಕು, ಯಾವತ್ತು ಬರುತ್ತದೆಂದು ಹೇಳುವವರಿಲ್ಲ. ಮಗನೂ ತಾಯಿಯ ಪಕ್ಷವೇ. "ಬ್ಯಾಡ ಸಿಸ್ಟರಮ್ಮ, ಹುಳಿ ಬಾಯಿಗೆ ಹಾಕಿ ಇರೋ ಗಾಯಾನೂ ಕೆಡಿಸ್ಕಳ್ಳಲ್ಲ," ಎಂದು ಬಾಯಿ ಬಿಗಿ ಹಿಡಿದ.

ಸುಮ್ಮನಿರಲಾರದೆ ಭಾನುವಾರ ನಾನೊಂದು ಜಾಣತನ ಮಾಡಿದೆ. ಇಡೀ ದಿನದ ಮಾತ್ರೆಯನ್ನು ಅರೆದು, ತಾಯಿ ನೀರಿಗೆ ಹೋದಾಗ, ಅವನಿಗೆಂದು ಒಲೆಯ ಮೇಲೆ ಕಾಯುತ್ತಿದ್ದ ಹಾಲಿಗೆ ಬೆರೆಸಿದೆ. ಬೆಲ್ಲದ ರುಚಿಯಲ್ಲಿ ಮುಚ್ಚಿಹೋಗುತ್ತದೆ ಎಂದು ನನ್ನ ಲೆಕ್ಕ. ಹಾಲು ನೋಡನೋಡುತ್ತಿದ್ದಂತೆ ಒಡೆದು ಗಡ್ಡೆ ಗಡ್ಡೆಯಾಯಿತು. ಬಿಂದಿಗೆ ಹೊತ್ತು ಬಂದ ತಾಯಿ ಹಾಲನ್ನು ನೋಡಿದರು, ನನ್ನ ಬೆರಳಿಗೆ ಅಂಟಿದ್ದ ಬಿಳಿ ಪುಡಿಯನ್ನು ನೋಡಿದರು.

"ನೋಡ್ದಾ?" ಎಂದರು, ಸಿಟ್ಟಿಲ್ಲದೆ. "ಹಾಲ್ನೇ ಒಡ್ಯೋ ಮದ್ದು, ಗಾಯಾನ ಕೂಡುಸ್ತದಾ?"

ಆಕೆಯ ತರ್ಕ ನನ್ನ ಪಠ್ಯಪುಸ್ತಕದಷ್ಟೇ ನೆಟ್ಟಗಿತ್ತು. ಪಕ್ಕದ ಒಲೆಗಳವರೂ ಆ ಹಾಲನ್ನು ಬಗ್ಗಿ ಬಗ್ಗಿ ನೋಡಿ ಹೋದರು.

ಸೋಮವಾರ ಡ್ರೆಸ್ಸಿಂಗ್ ಮುಗಿಸಿ ನಾನೇ ಚಪ್ಪರಕ್ಕೆ ಹೋಗಿ ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಶನಿವಾರದ ಮಾತಿಗೆ ತಪ್ಪಾಯ್ತು ಎಂದೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದರು:

"ನಂಗೂ ಸಾಕಾಗೈತೆ ಕಣವ್ವ ಈ ಪಥ್ಯ. ಆದ್ರೆ ಅದು ನನ್ ಕೈಲಿಲ್ಲ. ಪಥ್ಯ ಕಟ್ಟಿದೋರೇ ಬುಡುಸ್ಬೇಕು."

"ಕಟ್ಟಿದೋರು ಯಾರು?"

"ದಬ್ಬೆ ಕಟ್ಟಿದ್ರಲ್ಲ, ಆ ಯಜಮಾನ್ರು. ಅವರ ಕಟ್ಟು ಬಿಚ್ಚುಸ್ಕಂಡು ಇಲ್ಲಿಗ್ ಬಂದೋ. ಇಲ್ಲಿ ನೀವೆಲ್ಲ ಅವರ್ನ ಬೈದ್ರಿ, ನಾನು ಕೇಳುಸ್ಕಂಡು ನಿಂತಿದ್ದೆ. ಇನ್ ಯಾವ ಮಕ ಹೊತ್ಕಂಡು ಹೋಗಿ ಪಥ್ಯ ಬುಡ್ಸಿ ಅಂತ ಕೇಳ್ಲಿ?"

ಆಗ ಅರ್ಥವಾಯಿತು. ಇಷ್ಟು ದಿನ ನಾವು ಆಕೆಯನ್ನು ಮೂಢನಂಬಿಕೆಯವರು ಎಂದುಕೊಂಡಿದ್ದೆವು. ಆಕೆ ನಾಚಿಕೆಯಲ್ಲಿ ಸಿಕ್ಕಿಕೊಂಡಿದ್ದರು. ಆ ನಾಚಿಕೆಯಲ್ಲಿ ನಮ್ಮ ಪಾಲೂ ಇತ್ತು.

ಮಂಗಳವಾರ ನನ್ನ ವಾರದ ರಜೆ. ಡಾಕ್ಟರಿಗೆ ಒಂದು ಮಾತೂ ಹೇಳದೆ ಬಸ್ಸು ಹತ್ತಿದೆ. ಹೇಳಿದರೆ ಬೇಡ ಎನ್ನುತ್ತಾರೆ, ಬೇಡ ಎಂದ ಮೇಲೆ ಹೋದರೆ ಕೆಲಸಕ್ಕೆ ಸಂಚಕಾರ. ಕೇಳದೆ ಹೋದರೆ ಬೈಗುಳದಲ್ಲಿ ಮುಗಿಯುತ್ತದೆ. ಚಿಕ್ಕನಾಯಕನಹಳ್ಳಿಯಲ್ಲಿ ಇಳಿದು ಹಂದನಕೆರೆಯ ಬಸ್ಸು ಹಿಡಿದು, ಅಲ್ಲಿಂದ ರಾಗಿ ಹೊಲದ ನಡುವೆ ನಡೆದು ಹೋದಾಗ ಆ ಹಿರಿಯರು ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ಕೈ ಮಾತ್ರ ನಡುಗುತ್ತಿರಲಿಲ್ಲ. ಎಲ್ಲಿಂದ ಬಂದೆ ಎಂದು ಹೇಳಿದ ಕೂಡಲೇ ಮುಖ ಬಿಗಿಯಾಯಿತು.

"ನನ್ ದಬ್ಬೆ ಎತ್ತಿ ಆಡ್ಕಂಡ್ರಂತಲ್ಲ ನಿಮ್ ಡಾಕ್ಟ್ರು. ಈಗೇನು, ಪೊಲೀಸ್ ಕಳುಸ್ತಾರಂತಾ?"

"ಇಲ್ಲ ಯಜಮಾನ್ರೆ. ಅವನ ಪಥ್ಯ ಬಿಡಿಸಬೇಕು. ಅದಕ್ಕೆ ಬಂದೆ."

ಅವರ ಮಚ್ಚು ಬಿದಿರಿನ ಮಧ್ಯದಲ್ಲೇ ನಿಂತಿತು. "ಇನ್ನೂವೇ ಪಥ್ಯದಲ್ಲವ್ನಾ? ಆಷಾಢದಲ್ ಕಟ್ಟಿದ್ದು ಕಣವ್ವ. ಇಪ್ಪತ್ತೊಂದು ದಿನ ಅಂದಿದ್ದೆ. ಇಪ್ಪತ್ತೊಂದ್ನೇ ದಿನ ಕರ್ಕಂಬನ್ನಿ, ನಾನೇ ಹುಳಿ ತಿನ್ಸಿ ಬುಡುಸ್ತೀನಿ ಅಂದಿದ್ದೆ. ಈಗ ಕಾರ್ತೀಕ."

ನಾನು ಒಸಡಿನ ವಿಷಯ, ಹಲ್ಲಿನ ವಿಷಯ, ಬಿರಿದ ಗಾಯ, ಬರುವ ವಾರದ ಶುಕ್ರವಾರ ಎಲ್ಲ ಹೇಳಿದೆ. ಅವರು ಮಚ್ಚನ್ನು ಬಿದಿರಿನಿಂದ ಕಿತ್ತು ಪಕ್ಕಕ್ಕಿಟ್ಟರು. ಆಮೇಲೆ, "ಒಳಗೆ ಚರ್ಮ ಸೀಳಿದ್ದು ನಾನು ನೋಡ್ನಿಲ್ಲ. ಅದು ನನ್ ತಪ್ಪೇಯ," ಎಂದರು. ಹಾಗೆ ತಾವಾಗಿ ತಪ್ಪು ಒಪ್ಪಿಕೊಂಡ ವೈದ್ಯರನ್ನು ನಾನು ಹೆಚ್ಚು ಕಂಡಿಲ್ಲ. "ನಾಳೆ ಬತ್ತೀನಿ. ನಿಮ್ ಡಾಕ್ಟ್ರು ಬಾಗ್ಲಲ್ಲಿ ನಿಲ್ಸಲ್ಲ ತಾನೆ?"

"ನಿಲ್ಸಲ್ಲ," ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ.

ಬುಧವಾರ ಬೆಳಗ್ಗೆ ರೌಂಡ್ಸಿಗೆ ಮುಂಚೆ ಡಾಕ್ಟರ ಕೋಣೆಗೆ ಹೋಗಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವರ ಕಿವಿ ಕೆಂಪಾಯಿತು. "ಮೂಳೆ ಕಟ್ಟೋರನ್ನ ನನ್ನ ವಾರ್ಡಿಗೆ ಕರೆಸಿದ್ದೀರಾ?"

"ಮೂಳೆ ಕಟ್ಟೋಕೆ ಅಲ್ಲ ಸಾರ್, ಪಥ್ಯ ಬಿಡಿಸೋಕೆ. ನಿಮ್ಮಿಂದ ಆಗಲ್ಲ, ನನ್ನಿಂದ ಆಗಲ್ಲ. ಅವರಿಂದ ಆಗುತ್ತೆ. ಅವರೂ ಇಪ್ಪತ್ತೊಂದೇ ದಿನ ಹೇಳಿದ್ದಂತೆ."

ಡಾಕ್ಟರು ಕಿಟಕಿಯ ಹೊರಗೆ ನೋಡುತ್ತ ನಿಂತರು. ಅಷ್ಟರಲ್ಲಿ ಟವೆಲಿನಲ್ಲಿ ಏನೋ ಕಟ್ಟಿಕೊಂಡು ಹಿರಿಯರು ಗೇಟಿನೊಳಗೆ ಬರುತ್ತಿದ್ದರು, ಒಂದೊಂದು ಹೆಜ್ಜೆಗೂ ಯಾರಾದರೂ ತಡೆದಾರೆಂಬಂತೆ ಅತ್ತಿತ್ತ ನೋಡುತ್ತ. ಡಾಕ್ಟರು ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಆ ಮಂಚದ ಪಕ್ಕ ಹಾಕಿ, "ಬನ್ನಿ ಯಜಮಾನ್ರೆ, ಕೂತ್ಕೊಳ್ಳಿ," ಎಂದರು. ಅವತ್ತಿನಿಂದ ಆ ಡಾಕ್ಟರು ನನ್ನ ಕಣ್ಣಿಗೆ ದೊಡ್ಡ ಡಾಕ್ಟರಾದರು.

ತಾಯಿ ಹಿರಿಯರನ್ನು ಕಂಡದ್ದೇ ಕಾಲಿಗೆ ಬಿದ್ದರು. "ಏಳವ್ವ, ಮಗೀನ ಉಳ್ಸ್ಕಳಕ್ಕೆ ಎಲ್ಲಿಗಾದ್ರೂ ಹೋಗ್ಬೇಕು. ಅದ್ರಲ್ಲೇನೈತೆ," ಎಂದು ಅವರು ಎಬ್ಬಿಸಿದರು. ಗಾಯ ನೋಡಿದರು, ಮುಟ್ಟಲಿಲ್ಲ. ಟವೆಲ್ ಬಿಚ್ಚಿದರು. ಅವರ ಹಿತ್ತಲಿನ ಬೆಟ್ಟದನೆಲ್ಲಿಕಾಯಿ, ಅವತ್ತೇ ಬೆಳಗ್ಗೆ ಕಿತ್ತದ್ದು. ಒಂದನ್ನು ತಾವು ಕಚ್ಚಿ ತಿಂದರು, ಒಂದನ್ನು ತಾಯಿಗೆ ಕೊಟ್ಟು ತಿನ್ನಿಸಿದರು.

"ಇದನ್ನ ಬೇಯ್ಸಿ ರಸ ತೆಗೀಲಾ?" ಎಂದರು ತಾಯಿ.

"ಬೇಯಿಸಬೇಡಿ," ಎಂದು ಡಾಕ್ಟರೂ ನಾನೂ ಒಟ್ಟಿಗೆ ಅಂದೆವು. ಬೆಂದರೆ ನಮಗೆ ಬೇಕಾದ ಸತ್ವ ಬಹುಪಾಲು ಹೋಗುತ್ತದೆ. ಚಪ್ಪರದ ಒರಳಿನಲ್ಲಿ ಹಸಿಯಾಗಿಯೇ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಉಪ್ಪು ಹಾಕಿ ಲೋಟದಲ್ಲಿ ತಂದರು. ಹಿರಿಯರು ಲೋಟವನ್ನು ಅವನ ತುಟಿಗೆ ಹಿಡಿದು, "ಇವತ್ಗೆ ನಿನ್ ಪಥ್ಯ ಬುಟ್ಟೈತೆ ಕಣ್ಲಾ. ಕುಡಿ," ಎಂದರು. ಉಪ್ಪು, ಹುಳಿ ಒಸಡಿಗೆ ಉರಿದು ಅವನ ಕಣ್ಣಲ್ಲಿ ನೀರು ಬಂತು. ಕೊನೆಯ ತೊಟ್ಟಿನವರೆಗೂ ಕುಡಿದ. ಹೋಗುವ ಮುನ್ನ ಹಿರಿಯರು ನನ್ನ ಮಾತ್ರೆಯ ಗಂಟನ್ನು ಕೇಳಿ, ಒಂದನ್ನು ನಾಲಗೆಯ ಮೇಲಿಟ್ಟು ನೋಡಿ, "ಇದೂ ಆಯ್ತದೆ, ಕೊಡಿ," ಎಂದು ತಾಯಿಗೆ ಅಪ್ಪಣೆ ಕೊಟ್ಟರು.

ಗುರುವಾರ ಏನಿಲ್ಲ. ಶುಕ್ರವಾರ ಅವನು ಗೋಡೆಯಿಂದ ಈ ಕಡೆ ತಿರುಗಿ ಮಲಗಿದ್ದ. ಶನಿವಾರ ಬಾಯಿ ಮುಕ್ಕಳಿಸಿದ ನೀರು ತೆಳು ಕೆಂಪು, ಭಾನುವಾರ ಬರೀ ನೀರು. ಬೇಸಿನ್ನನ್ನು ಹಾಗೇ ಎತ್ತಿಕೊಂಡು ಡಾಕ್ಟರಿಗೆ ತೋರಿಸಲು ಓಡಿದ್ದು ನೆನಪಿದೆ. ಬೇಸಿನ್ ಹಿಡಿದುಕೊಂಡು ಅಷ್ಟು ಖುಷಿಯಾಗಿ ಓಡಿದವರು ಇನ್ನೊಬ್ಬರಿರಲಿಕ್ಕಿಲ್ಲ. ಸೋಮವಾರ ಗಾಯದ ತಳದಲ್ಲಿ ದಾಳಿಂಬೆ ಕಾಳಿನಂಥ ಹೊಸ ಮಾಂಸ ಎದ್ದಿತ್ತು. ಒತ್ತಿದರೂ ರಕ್ತ ಜಿನುಗಲಿಲ್ಲ. ಬುಧವಾರದ ಹೊತ್ತಿಗೆ ಅಂಚಿನಿಂದ ತಿಳಿಗುಲಾಬಿ ಚರ್ಮ ಒಳಕ್ಕೆ ಹೊರಟಿತ್ತು. ದಾರ ಹಿಡಿದು ಅಳೆದೆ. ಅಳೆದದ್ದು ಸಾಲದೆಂದು ಮತ್ತೆ ಅಳೆದೆ.

ಶುಕ್ರವಾರ ಸರ್ಜನ್ನರು ಬಂದರು. ಆಪರೇಷನ್ ಟ್ರೇ ಕೇಳಿದರು. ನಾನು ಡ್ರೆಸ್ಸಿಂಗ್ ಟ್ರೇ ತಂದಿಟ್ಟು ಬ್ಯಾಂಡೇಜ್ ಬಿಚ್ಚಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ತುಟಿ ಎತ್ತಿ ಒಸಡು ನೋಡಿದರು.

"ಏನು ಕೊಟ್ರಿ?"

"ಅದೇ ಮಾತ್ರೆ ಸಾರ್, ಜೊತೆಗೆ ನೆಲ್ಲಿಕಾಯಿ," ಎಂದರು ಡಾಕ್ಟರು. "ಈ ಸಲ ರೋಗಿಗೇ ಕೊಟ್ಟೆವು."

ಸರ್ಜನ್ನರು ಜೋರಾಗಿ ನಕ್ಕು, ಒಪ್ಪಿಗೆಯ ಕಾಗದವನ್ನು ತಾವೇ ಹರಿದು ಬುಟ್ಟಿಗೆ ಹಾಕಿದರು. ತಾಯಿ ಬಾಗಿಲಲ್ಲಿ ನಿಂತಿದ್ದರು. ಕಾಗದ ಹರಿದ ಸದ್ದೊಂದೇ ಸಾಕಾಯಿತು, ಬೇರೆ ಯಾರೂ ಆಕೆಗೆ ಏನೂ ಹೇಳಬೇಕಾಗಲಿಲ್ಲ.

ಆ ವಾರವೇ ಡಾಕ್ಟರು ವಾರ್ಡಿನ ಪ್ರತಿಯೊಬ್ಬರ ಒಸಡು ನೋಡಿದರು. ಇನ್ನಿಬ್ಬರಿಗೆ ಅದೇ ಶುರುವಾಗಿತ್ತು, ಇಬ್ಬರೂ ಗಾಯದ ಪಥ್ಯದವರು. ಅವರಿಗೆ ಮಾತ್ರೆ ತಿನ್ನಿಸುವ ಕೆಲಸವನ್ನು ಆ ತಾಯಿ ನನ್ನಿಂದ ಕಿತ್ತುಕೊಂಡರು. "ಬಾಯ್ ತೆಗಿ. ನಾಲ್ಗೆ ಎತ್ತು, ನೋಡಾನ," ಎಂದು ನಿಂತು ನುಂಗಿಸಿಯೇ ಮುಂದಕ್ಕೆ ಹೋಗುತ್ತಿದ್ದರು. ನನಗಿಂತ ಒಳ್ಳೆಯ ನರ್ಸು. ಬೆಂಗಳೂರಿನ ಇಂಜೆಕ್ಷನ್ ಬಂದದ್ದು ಧನುರ್ಮಾಸದಲ್ಲಿ, ಆಗ ಅವನು ಊರುಗೋಲು ಹಿಡಿದು ವರಾಂಡದಲ್ಲಿ ಓಡಾಡುತ್ತಿದ್ದ.

ಶಿವರಾತ್ರಿಯ ಆಚೆಗೆ ಮನೆಗೆ ಹೊರಟ. ಮೂಳೆ ಕೂಡಿತ್ತು, ಗಾಯದ ಜಾಗದಲ್ಲಿ ಹೊಳೆಯುವ ಕಲೆ. ಚೀಟಿ ಬರೆಯುತ್ತ ನಾನು, "ಮರ ಹತ್ತಬಾರದು," ಎಂದೆ.

ಅವನು ತಾಯಿಯ ಮುಖ ನೋಡಿ, ನನ್ನ ಕಡೆ ತಿರುಗಿದ. "ಎಲ್ಲಿಗಂಟ ಸಿಸ್ಟರಮ್ಮ? ಕಟ್ಟಿದೋರು ನೀವು. ಯಾವತ್ತು ಬುಡುಸ್ತೀರಾ ಅಂತ ಈಗ್ಲೇ ಬರ್ಕೊಡಿ."

ಬರೆದುಕೊಟ್ಟೆ. ಅಂದಿನಿಂದ ಯಾರಿಗೆ ಏನು ಬೇಡ ಎಂದರೂ, ಆ ಬೇಡ ಮುಗಿಯುವ ದಿನವನ್ನೂ ಚೀಟಿಯಲ್ಲಿ ಬರೆಯದೆ ಕೊಟ್ಟವಳಲ್ಲ.

ಬರೆದಿದ್ದ ದಿನವೇ ಬಂದ, ಹೊಸ ಅಂಗಿ ಹಾಕಿಕೊಂಡು, ತಾಯಿಯ ಜೊತೆ. ಡಾಕ್ಟರು ಕಾಲನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿ ತಲೆಯಾಡಿಸಿದರು. ನಾನು ಅವನನ್ನು ಆಸ್ಪತ್ರೆಯ ಗೇಟಿನ ಪಕ್ಕದ ತೆಂಗಿನ ಮರದ ಹತ್ತಿರ ಕರೆದೊಯ್ದು, "ಇವತ್ತಿಗೆ ನಿನ್ನ ಪಥ್ಯ ಬಿಟ್ಟಿದೆ ಕಣಪ್ಪ. ಹತ್ತು," ಎಂದೆ. ಪಾದಗಳಿಗೆ ಹಗ್ಗದ ಬಳೆ ಸಿಕ್ಕಿಸಿಕೊಂಡು, ಮರಕ್ಕೆ ಕೈಮುಗಿದು, ಹತ್ತಿದ. ಬಲಗಾಲು ಎಡಗಾಲಿನ ಸಮಕ್ಕೆ ಏರುತ್ತಿತ್ತು. ಅರ್ಧ ಮರದವರೆಗೆ ಉಸಿರು ಹಿಡಿದು ನೋಡುತ್ತಿದ್ದ ತಾಯಿ ಸಟ್ಟನೆ ಕತ್ತು ಕೆಳಗಿಳಿಸಿ, ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು.

"ಈ ಕಡೀಕ್ ಬಾರವ್ವ," ಎಂದರು. "ಅವ್ನು ಕಾಯಿ ಕೆಡವ್ತಾನೆ."